ಮೂರು ಗೆರೆಯ ಕೊಪ್ಪರಿಗೆ

“ಆ ಮೂರು ಗೆರೆಯದ್ದು ಎಲ್ಲಿ ಅಕ್ಕಾ?”

ಬೆಳಗಿನ ಕಾಫಿಯ ಹೊತ್ತಿಗೆ ಕಲಾಯಿಯ ಮೂಸಬ್ಬ ನಮ್ಮ ಸಂಘದ ಪಾತ್ರೆಕೋಣೆಯ ಬಾಗಿಲಿಗೆ ಬಂದು ಹೀಗೆ ಕೇಳಿದ. ನನ್ನ ದೊಡ್ಡಮ್ಮ ಶಶಿಪ್ರಭಾ ತಿರುಗಿಯೂ ನೋಡದೆ, “ಅದು ನಿನ್ನೆಯೇ ಮಿಜಾರಿಗೆ ಹೋಯಿತಲ್ಲ, ಕಾಂತಿಯ ಬಯಕೆಯ ಊಟಕ್ಕೆ,” ಎಂದರು.

ಮೂಸಬ್ಬ ಹೆಗಲಿನ ತಿದಿಯನ್ನು ಕೆಳಗಿಟ್ಟ. ಇಟ್ಟದ್ದಲ್ಲ, ಅದು ಅವನ ಹೆಗಲಿನಿಂದ ಜಾರಿತು.

“ಅದಕ್ಕೆ ಕಲಾಯಿ ಆಗಿಲ್ಲ ಅಕ್ಕಾ.”

ದೊಡ್ಡಮ್ಮನ ಕೈಯ ಲೋಟ ಅರ್ಧದಲ್ಲಿ ನಿಂತಿತು. ನಾನು ಒಳಗೆ ಸೌಟುಗಳನ್ನು ಒರೆಸುತ್ತಿದ್ದವಳು, ಒರೆಸುವುದನ್ನು ನಿಲ್ಲಿಸಿದೆ. ತಾಮ್ರದ ಪಾತ್ರೆಯ ಒಳಮೈಗೆ ತವರದ ಬಿಳಿ ಲೇಪವಿಲ್ಲದಿದ್ದರೆ, ಅದರಲ್ಲಿ ಹುಳಿ ಇಟ್ಟರೆ ಏನಾಗುತ್ತದೆಂದು ನಮ್ಮ ಕಡೆ ಸಣ್ಣ ಹುಡುಗಿಯರಿಗೂ ಗೊತ್ತು. ಕಿಲುಬು ಎಂಬ ಮಾತನ್ನೇ ಅಜ್ಜಿ ಹಾವಿನ ಹೆಸರು ಹೇಳುವಂತೆ ಸ್ವರ ತಗ್ಗಿಸಿ ಹೇಳುತ್ತಿದ್ದರು.

“ಆಗಿಲ್ಲ ಅಂದರೆ? ಒಳಗೆ ಫಳಫಳ ಹೊಳೀತಾ ಇತ್ತಲ್ಲ ಮಾರಾಯ!”

“ಹುಣಸೆ ಹಾಕಿ ತಿಕ್ಕಿದ್ದೆ, ಅದಕ್ಕೆ ಹೊಳೆದದ್ದು. ತವರ ಮುಗೀತು. ಅಷ್ಟರಲ್ಲಿ ಮಗಳಿಗೆ ಸೌಖ್ಯವಿಲ್ಲ ಅಂತ ಫರಂಗಿಪೇಟೆಯಿಂದ ಆಳು ಬಂತು. ಇದೊಂದು ಬಾಕಿ ಅಂತ ಗೊತ್ತಾಗಲಿಕ್ಕೆ ಎಲೆಯಡಿಕೆಯ ಸುಣ್ಣ ತೆಗೆದು ಮೂರು ಬೆರಳಲ್ಲಿ ಬರೆದೆ. ಎಲ್ಲಾ ಕಡೆ ಹಾಗೇ ಮಾಡುವುದು ನಾನು. ನೀವು ನೋಡಲಿಲ್ಲವಾ ಗೆರೆ?”

ದೊಡ್ಡಮ್ಮ ನೋಡಿದ್ದರು. ನೋಡಿದ್ದೇ ತಪ್ಪಾಯಿತು. ನಮ್ಮಲ್ಲಿ ದೊಡ್ಡ ಊಟಕ್ಕೆ ಮೊದಲು ಕೊಪ್ಪರಿಗೆಗೆ ಮುಹೂರ್ತ ಎಂಬುದೊಂದು ಉಂಟು. ಒಂದು ಕೊಪ್ಪರಿಗೆಗೆ ವಿಭೂತಿಯ ಮೂರು ಗೆರೆ ಎಳೆದು, ಹೂವಿಟ್ಟು, ಅದನ್ನೇ ಮೊದಲು ಒಲೆಗೆ ಏರಿಸುತ್ತಾರೆ. ಕಾಂತಿಯ ತಾಯಿ ಬಂದು ಭಟ್ಟರ ಕೈಯಲ್ಲಿ ಗೆರೆ ಹಾಕಿಸಿ ಹೋಗಿರಬೇಕೆಂದು ದೊಡ್ಡಮ್ಮ ತಿಳಿದರು. ಬೇರೆ ಯಾವುದನ್ನು ಬಿಟ್ಟರೂ ಮುಹೂರ್ತದ್ದನ್ನು ಬಿಡಬೇಡಿ ಎಂದು ಅವರೇ ನಿಂತು ಅದನ್ನು ಜೀಪಿಗೆ ಏರಿಸಿದ್ದರು.

“ನಾನು ಅದಕ್ಕೆ ಕೈ ಮುಗಿದೆ ಮೂಸಬ್ಬಾ,” ಎಂದರು ದೊಡ್ಡಮ್ಮ, ನೆಲ ನೋಡುತ್ತಾ.

“ನನ್ನ ಸುಣ್ಣಕ್ಕಾ?”

ಬೇರೆ ದಿನವಾಗಿದ್ದರೆ ಕಲ್ಲಡ್ಕದ ಪೇಟೆಯಿಡೀ ವಾರಗಟ್ಟಲೆ ನಗುವ ಮಾತು ಅದು. ಅಂದು ಮೂವರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ನನ್ನ ನಾಲಿಗೆಯ ಮೇಲೆ ಎಲ್ಲಿಂದಲೋ ತಾಮ್ರದ ರುಚಿ ಬಂದು ಕೂತಿತು.

ಬಯಕೆಯೆಂದರೆ ಏಳನೆಯ ತಿಂಗಳಿನ ಬಸುರಿಗೆ ಗಂಡನ ಮನೆಯಲ್ಲಿ ಹಾಕುವ ಊಟ. ಅವಳು ಆಸೆಪಟ್ಟದ್ದೆಲ್ಲ ಎಲೆಗೆ ಬರಬೇಕು. ಎಲ್ಲರಿಗಿಂತ ಮೊದಲು ಅವಳು ಉಣ್ಣಬೇಕು. ಅವಳು ಕೈ ತೊಳೆಯುವವರೆಗೆ ಉಳಿದವರಿಗೆ ಎಲೆ ಹಾಕುವ ಕ್ರಮವಿಲ್ಲ. ಕಾಂತಿ ನನ್ನ ಜೊತೆ ಶಾಲೆಗೆ ಬಂದವಳು. ಅವಳ ಆಸೆ ಏನೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಪುನರ್ಪುಳಿ ಸಾರು. ಚಿಕ್ಕಂದಿನಲ್ಲಿ ನಾವಿಬ್ಬರೂ ಮರದಡಿ ಕೂತು ಆ ಕೆಂಪು ಹಣ್ಣಿನ ಹುಳಿಯನ್ನು ಹಲ್ಲು ಚಳಿಯಾಗುವ ತನಕ ಚೀಪುತ್ತಿದ್ದೆವು.

ಈ ಪಾತ್ರೆಗಳ ಕತೆಯನ್ನು ಇಲ್ಲಿ ಹೇಳಲೇಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಗುಡ್ಡದಾಚೆಯ ಬೀಡಿ ಕಟ್ಟುವ ಹೆಂಗಸೊಬ್ಬಳು ಹೆರಿಗೆ ನೋವಿನಲ್ಲಿ, ಕುರ್ಚಿಯಲ್ಲಿ ಹೊತ್ತು ತರುವಾಗ, ರಸ್ತೆಗೆ ಮುಟ್ಟುವ ಮೊದಲೇ ತೀರಿಹೋದಳು. ಆಮೇಲೆ ದೊಡ್ಡಮ್ಮ ಊರಿನ ಹೆಂಗಸರನ್ನು ಕೂಡಿಸಿ ಮಾತೃಸೇವಾ ಸಂಘ ಕಟ್ಟಿದರು. ಪ್ರತಿ ಮನೆಯಲ್ಲಿ ದಿನಾ ಅನ್ನಕ್ಕಿಡುವಾಗ ಒಂದು ಮುಷ್ಟಿ ಅಕ್ಕಿಯನ್ನು ಬೇರೆ ಡಬ್ಬಕ್ಕೆ ಹಾಕುವುದು, ತಿಂಗಳಿಗೊಮ್ಮೆ ಅದನ್ನು ಒಟ್ಟು ಮಾಡಿ ಮಾರುವುದು. ಅದರ ಮೇಲೆ ಬಹರೈನಿನಲ್ಲಿ ಕೆಲಸಕ್ಕಿರುವ ಸುಧಾಕರ, ಎಂದರೆ ಈಗ ಕಾಂತಿಯ ಗಂಡ, ತನ್ನ ತಂದೆಯ ಊರೆಂದು ಒಂದು ದೊಡ್ಡ ಮೊತ್ತ ಕಳುಹಿಸಿದ. ಆಗ ಶುರುವಾಯಿತು ಜಗಳ. ಬ್ಯಾಂಕಿನಲ್ಲಿ ಡಿಪಾಸಿಟ್ ಇಡುವ ಎಂದರು ಕೆಲವರು. ಸುಧಾಕರನ ತಾಯಿ ದುಗ್ಗಮ್ಮ ಶೆಡ್ತಿ ಮಿಜಾರಿನಿಂದ ಬಸ್ಸು ಹತ್ತಿ ಬಂದು, ರಸ್ತೆಯ ತಲೆಗೆ ತನ್ನ ಗಂಡನ ಹೆಸರಿನ ದ್ವಾರ ಆಗಬೇಕೆಂದು ಹಟ ಹಿಡಿದರು.

“ಮನೆಗೇ ಬಾಗಿಲಿಲ್ಲದವರ ಊರಿಗೆ ದ್ವಾರ ಯಾಕೆ ದುಗ್ಗಮ್ಮಕ್ಕ?” ಎಂದು ಕೇಳಿದ್ದರು ದೊಡ್ಡಮ್ಮ. ಬ್ಯಾಂಕು ಎಂದವರಿಗೆ ಹೇಳಿದ್ದು ಬೇರೆ: “ಅಲ್ಲಿ ಇಟ್ಟರೆ ದುಡ್ಡು ನಿದ್ದೆ ಮಾಡ್ತದೆ. ಪಾತ್ರೆ ಮಾಡಿಸುವ. ಈ ಊರಿನಲ್ಲಿ ಮದುವೆ ನಿಲ್ಲುವುದುಂಟಾ?”

ಹಾಗೆ ಬಂದವು ಕೊಪ್ಪರಿಗೆಗಳು, ಕಡಾಯಿಗಳು, ಹಂಡೆಗಳು, ಬಕೆಟುಗಳು. ಇದ್ದವರು ಬಾಡಿಗೆ ಕೊಟ್ಟು ಒಯ್ಯುತ್ತಿದ್ದರು, ಇಲ್ಲದವರು ಬರಿಗೈಯಲ್ಲಿ ಒಯ್ಯುತ್ತಿದ್ದರು. ಬಂದ ಬಾಡಿಗೆಯಿಂದ ಡೊಂಬಯ್ಯ ಓಡಿಸುವ ಜೀಪಿನ ಖರ್ಚು. ಯಾರ ಮನೆಯಲ್ಲಿ ನೋವು ಕಾಣಿಸಿಕೊಂಡರೂ ಒಂದು ಮಾತು ಹೇಳಿಕಳುಹಿಸಿದರೆ ಸಾಕು, ಜೀಪು ಹೋಗುತ್ತಿತ್ತು. ಅದರಲ್ಲಿ ಹೋದ ಹೆಂಗಸರೆಲ್ಲ ಮಗು ಎತ್ತಿಕೊಂಡು ಮರಳಿದ್ದರು. ದುಗ್ಗಮ್ಮನ ಸಮಾಧಾನಕ್ಕೆಂದು ಎಲ್ಲಕ್ಕಿಂತ ದೊಡ್ಡ ತಾಮ್ರದ ಕೊಪ್ಪರಿಗೆಯ ಕಂಠದಲ್ಲಿ ಸುಧಾಕರನ ತಂದೆಯ ಹೆಸರನ್ನು ಕೆತ್ತಿಸಿದ್ದರು. ಈಗ ಮಿಜಾರಿನಲ್ಲಿ ಇದ್ದದ್ದು ಅದೇ.

ನಾನು ಆ ಪಾತ್ರೆಕೋಣೆಯನ್ನು ಕೆರೆ ಎಂದು ಮನಸ್ಸಿನಲ್ಲೇ ಕರೆಯುತ್ತಿದ್ದೆ. ಅಜ್ಜಿಯ ಒಂದು ಕತೆಯಲ್ಲಿ ಬಡವರ ಮದುವೆಗೆ ಪಾತ್ರೆ ಕೊಡುವ ಕೆರೆಯಿತ್ತು. ಹಿಂದಿನ ಸಂಜೆ ದಂಡೆಯಲ್ಲಿ ಹೂವಿಟ್ಟು ಬೇಡಿಕೊಂಡರೆ ಬೆಳಗಾಗುವಾಗ ಕೊಪ್ಪರಿಗೆಗಳು ತೇಲಿ ಬರುತ್ತಿದ್ದವಂತೆ. ಒಬ್ಬ ಹೆಂಗಸು ಮಾತ್ರ ಪಾತ್ರೆಯನ್ನು ತೊಳೆಯದೆ ಎಂಜಲಿನೊಂದಿಗೆ ನೀರಿಗೆ ಬಿಟ್ಟಳು. ಕೆರೆ ಆ ಪಾತ್ರೆಯನ್ನು ತೆಗೆದುಕೊಂಡಿತು. ಜೊತೆಗೆ, ದಂಡೆಯಲ್ಲಿ ಆಡುತ್ತಿದ್ದ ಅವಳ ಮಗುವನ್ನೂ. ಕತೆ ಆ ಜಾಗಕ್ಕೆ ಬಂದಾಗಲೆಲ್ಲ ನಾನು ಅಜ್ಜಿಯ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಿದ್ದೆ.

ದೊಡ್ಡಮ್ಮ ಎದುರಿನ ಹೋಟೆಲಿಗೆ ಓಡಿದರು. ಅಲ್ಲಿ ಫೋನಿತ್ತು. ದುಗ್ಗಮ್ಮನ ಮನೆಯಲ್ಲಿ ಫೋನಿಲ್ಲ, ಅವರ ಪಕ್ಕದ ಅಂಗಡಿಯಲ್ಲಿ ಉಂಟು. ಟ್ರಂಕಾಲ್ ಬುಕ್ ಮಾಡಿ ನಾವು ಮೂವರೂ ಗಲ್ಲಾಪೆಟ್ಟಿಗೆಯ ಸುತ್ತ ನಿಂತೆವು. ಬಹಳ ಹೊತ್ತಿನ ಮೇಲೆ ಎಕ್ಸ್‌ಚೇಂಜಿನ ಹುಡುಗಿಯ ಸ್ವರ ಬಂತು.

“ರಿಂಗ್ ಆಗ್ತಾ ಉಂಟು. ಎತ್ತುವವರಿಲ್ಲ.”

“ಇನ್ನೊಮ್ಮೆ ನೋಡಮ್ಮಾ. ಅಂಗಡಿ ಅದು, ಯಾರಾದರೂ ಇರ್ತಾರೆ.”

“ಅಂಗಡಿಗೆ ಬಾಗಿಲು ಹಾಕಿರಬೇಕು. ಅಲ್ಲಿ ಯಾರದ್ದೋ ಬಯಕೆಯ ಊಟ ಉಂಟಂತೆ ಇವತ್ತು. ಬೆಳಿಗ್ಗೆ ಇನ್ನೊಂದು ಕಾಲ್ ಬಂದಾಗ ಅಂಗಡಿಯವರೇ ಹೇಳಿದರು.”

ದೊಡ್ಡಮ್ಮ ಫೋನನ್ನು ಕೆಳಗಿಡದೆ ಹೋಟೆಲಿನವನ ಕೈಗೆ ಕೊಟ್ಟು, ಬಿಡದೆ ಪ್ರಯತ್ನಿಸಲು ಹೇಳಿ ಹೊರಗೆ ಬಂದರು. ಡೊಂಬಯ್ಯ ಜೀಪಿನ ಬಾನೆಟ್ಟು ಎತ್ತಿ ಒಳಗೆ ಬಗ್ಗಿದ್ದ.

“ಮಿಜಾರಿಗೆ ಬಿಡು. ಈಗಲೇ.”

“ನಿನ್ನೆ ಪಾತ್ರೆ ಕೊಟ್ಟು ಬಂದದ್ದಲ್ಲವಾ? ವಾಪಸು ತರಲಿಕ್ಕೆ ನಾಳೆ ಅಂದಿದ್ದಿರಿ.”

“ಡೊಂಬಯ್ಯಾ, ಮಾತು ಬೇಡ.”

ಅವನು ದೊಡ್ಡಮ್ಮನ ಮುಖ ನೋಡಿದ. ಬಾನೆಟ್ಟು ಮುಚ್ಚಿದ. ಮೂಸಬ್ಬ ಕೇಳದೆಯೇ ಹಿಂದೆ ಹತ್ತಿ ನನ್ನೆದುರು ಕೂತ.

ಪಾಣೆಮಂಗಳೂರಿನ ಹಳೆ ಸೇತುವೆಯ ಬಾಯಲ್ಲಿ ನಿಲ್ಲಬೇಕಾಯಿತು. ಒಂದು ಸಲಕ್ಕೆ ಒಂದೇ ಕಡೆಯ ಗಾಡಿಗಳು ಹೋಗುವ ಸೇತುವೆ ಅದು. ಆಚೆಯಿಂದ ಹೆಂಚಿನ ಲಾರಿಗಳು ಒಂದರ ಬಾಲ ಒಂದು ಹಿಡಿದು ಬರುತ್ತಿದ್ದವು. ಕೆಳಗೆ ಬೇಸಿಗೆಯ ನೇತ್ರಾವತಿ ಮರಳಿನ ನಡುವೆ ಸಣ್ಣದಾಗಿ ಹರಿಯುತ್ತಿತ್ತು. ನಾನು ನೀರನ್ನು ನೋಡಲಿಲ್ಲ. ನೋಡಿದರೆ ಅಲ್ಲಿ ತಾಮ್ರದ ಅಂಚೊಂದು ಮೇಲೆದ್ದು ಕಾಣುತ್ತದೆಂಬ ಹೆದರಿಕೆ.

“ಸಾರನ್ನೇ ಅದರಲ್ಲಿ ಮಾಡಿರ್ತಾರೆ ಅಂತ ಏನು?” ಎಂದೆ. “ಅನ್ನ ಮಾಡಿರಬಹುದು. ನೀರು ಕಾಯಿಸಿರಬಹುದು.”

“ಅನ್ನವಾದರೆ ಅಷ್ಟು ಹೆದರಿಕೆ ಇಲ್ಲ,” ಎಂದ ಮೂಸಬ್ಬ. “ನೀರಾದರೆ ಏನೂ ಇಲ್ಲ.”

“ಹುಳಿಯಾದರೆ?”

ಅವನು ತಲೆಯ ಟೊಪ್ಪಿ ತೆಗೆದು ಮಡಚಿ ಮತ್ತೆ ಹಾಕಿಕೊಂಡ. ಮುಂದಿನ ಸೀಟಿನಿಂದ ದೊಡ್ಡಮ್ಮ ಹೇಳಿದರು:

“ಮುಹೂರ್ತದ್ದೆಂದರೆ ಬಸುರಿಗೆ ಬಡಿಸುವುದನ್ನೇ ಅದರಲ್ಲಿ ಮಾಡುವುದು. ಕಾಂತಿಗೆ ಬೇಕಾದ್ದು ಎಂಥದು ಅಂತ ನಿನಗೆ ಗೊತ್ತುಂಟಲ್ಲ.”

ಬಂಟ್ವಾಳ ದಾಟಿದೆವು. ಸಿದ್ಧಕಟ್ಟೆಯ ಏರಿನಲ್ಲಿ ಜೀಪಿನ ಮೂತಿಯಿಂದ ಹೊಗೆ ಏಳತೊಡಗಿತು. ಡೊಂಬಯ್ಯ ಬದಿಗೆ ನಿಲ್ಲಿಸಿದ.

“ಓಡಿಸು ಮಾರಾಯ!”

“ಎಂಜಿನ್ ಒಡೀತದೆ ಅಕ್ಕಾ. ಹಿಂದೆ ಬಸುರಿಯರು ಕೂತರೆ ಇದು ಯಾವತ್ತೂ ಹೀಗೆ ಮಾಡಿದ್ದಿಲ್ಲ. ನಿಮ್ಮನ್ನೆಲ್ಲ ನೋಡಿ ಸಿಟ್ಟು ಬಂದಿರಬೇಕು.”

ಮೂಸಬ್ಬ ಡಬ್ಬ ಹಿಡಿದು ನೀರು ತರಲು ಕೆಳಗಿನ ತೋಡಿಗೆ ಇಳಿದ. ವಯಸ್ಸಾದ ಮನುಷ್ಯ, ಲುಂಗಿ ಎತ್ತಿ ಕಟ್ಟಿ ಕಲ್ಲಿನ ಮೇಲೆ ಜಾರುತ್ತಾ ಇಳಿಯುವುದನ್ನು ನಾನು ನೋಡುತ್ತಿದ್ದೆ. ರಸ್ತೆ ಬದಿಯ ಮರದಲ್ಲಿ ಹಕ್ಕಿಯೊಂದು ಎಡೆಬಿಡದೆ ಕೂಗುತ್ತಿತ್ತು. ನನ್ನ ಕಣ್ಣೆದುರು ಕಾಂತಿಯ ಕೈ ಎಲೆಯಿಂದ ಬಾಯಿಗೆ, ಬಾಯಿಂದ ಎಲೆಗೆ ಹೋಗುತ್ತಿತ್ತು. ನಿಲ್ಲಿಸು, ನಿಲ್ಲಿಸು ಎಂದು ನಾನು ಮನಸ್ಸಿನಲ್ಲೇ ಕೂಗಿದೆ. ಇಷ್ಟು ದೂರದಿಂದ ಕೂಗಿದ್ದು ಕೇಳುವುದು ಕತೆಗಳಲ್ಲಿ ಮಾತ್ರ. ಜೀಪು ಕೊನೆಗೂ ಕೆಮ್ಮಿ ಚಾಲೂ ಆದಾಗ ದೊಡ್ಡಮ್ಮ ಬಾಯಿಬಿಟ್ಟು ಅತ್ತರು. ಅವರು ಅತ್ತದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅದು ನನ್ನನ್ನು ಉಳಿದೆಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಮಿಜಾರಿನ ಮನೆಯ ಅಂಗಳಕ್ಕೆ ಚಪ್ಪರ ಹಾಕಿತ್ತು. ಮಲ್ಲಿಗೆಯ ವಾಸನೆ, ತುಪ್ಪದ ವಾಸನೆ, ಮಕ್ಕಳ ಗಲಾಟೆ. ಊಟಕ್ಕೆ ಕಾದ ಗಂಡಸರು ಚಪ್ಪರದಡಿ ಇಸ್ಪೀಟು ಆಡುತ್ತಿದ್ದರು. ಅವರಿಗೆ ಇನ್ನೂ ಎಲೆ ಹಾಕಿರಲಿಲ್ಲ. ಅಷ್ಟರ ಮಟ್ಟಿಗೆ ಜೀವ ಬಂತು. ಆದರೆ ಚಾವಡಿಯ ಒಳಗಿನಿಂದ ಹೆಂಗಸರ ನಗು ಕೇಳುತ್ತಿತ್ತು. ಎಂದರೆ ಕಾಂತಿ ಎಲೆಯ ಮುಂದೆ ಕೂತಾಗಿತ್ತು.

ಮೂಸಬ್ಬ ಚಪ್ಪರದ ಹೊರಗೇ ನಿಂತ. ದೊಡ್ಡಮ್ಮ ಮೆಟ್ಟಿಲಲ್ಲಿ ನಿಂತರು. ಶುಭದ ಮನೆಯೊಳಗೆ ನುಗ್ಗಿ ವಿಷ ಎಂದು ಹೇಗೆ ಕೂಗುವುದು? ನಾನು ಅವರನ್ನು ದಾಟಿ, ಚಪ್ಪಲಿ ಕಳಚುವುದನ್ನೂ ಮರೆತು, ಹೆಂಗಸರ ನಡುವೆ ನುಗ್ಗಿದೆ.

ಹಸಿರು ಸೀರೆ, ತಲೆ ತುಂಬ ಹೂವು. ಕಾಂತಿಯ ಎಲೆಯ ತುದಿಯಲ್ಲಿ ಪಾಯಸ, ನಡುವೆ ಅನ್ನ, ಅನ್ನದ ಮೇಲೆ ಪುನರ್ಪುಳಿಯ ಸಾರು. ಆ ಸಾರು ನಾನು ಬಲ್ಲ ಕೆಂಪಾಗಿರಲಿಲ್ಲ. ಕೆಂಪಿನೊಳಗೆ ಏನೋ ಕಪ್ಪಗೆ ಮಿಸುಕಾಡಿದಂತಿತ್ತು. ಅವಳು ಅಂಗೈಯನ್ನು ದೊನ್ನೆ ಮಾಡಿ ಸಾರು ಹಾಕಿಸಿಕೊಂಡು ಬಾಯಿಯ ಹತ್ತಿರ ತಂದಿದ್ದಳು.

ನಾನು ಅವಳ ಮಣಿಕಟ್ಟನ್ನು ಹಿಡಿದೆ. ಸಾರು ಅವಳ ಮಡಿಲಿಗೆ ಚೆಲ್ಲಿತು.

“ಕುಡಿಯಬೇಡ.”

ನಗು ನಿಂತಿತು. ಕಾಂತಿ ನನ್ನನ್ನು ನೋಡಿ ಮೊದಲು ಅರಳಿದಳು, ಆಮೇಲೆ ಕಣ್ಣು ಕಿರಿದಾಯಿತು. “ಜಲಜಾ? ಇದೆಂಥ ಆಟ ನಿಂದು?”

“ಅವಳ ಕೈ ಬಿಡು,” ಎಂದರು ದುಗ್ಗಮ್ಮ ಶೆಡ್ತಿ. ಕಾಂತಿಯ ಅತ್ತೆ. ಎತ್ತರದ ಹೆಂಗಸು, ಕೈಯಲ್ಲಿ ಸಾರಿನ ಸೌಟು. “ಬಯಕೆಯ ಎಲೆಯಿಂದ ಕೈ ಎತ್ತಿಸುವವರುಂಟಾ? ಅರ್ಧ ಉಂಡ ಎಲೆಯಿಂದ ಬಸುರಿ ಎದ್ದರೆ ಹುಟ್ಟಿದ್ದಕ್ಕೆ ಜನ್ಮವಿಡೀ ಹಸಿವು. ಯಾರು ಕಲಿಸಿದರು ನಿನಗೆ ಇದನ್ನು?”

ಅಷ್ಟರಲ್ಲಿ ದೊಡ್ಡಮ್ಮ ಒಳಗೆ ಬಂದಿದ್ದರು. ಹೇಳಿದರು. ಸುಣ್ಣ, ಗೆರೆ, ತವರ ಎಲ್ಲವನ್ನೂ, ತಡವರಿಸುತ್ತಾ. ಅಡುಗೆಯ ರುಕ್ಮಯ್ಯ ಹಿಂಬಾಗಿಲಿನಿಂದ ತಲೆ ಹಾಕಿದ.

“ನಾನು ಹೇಳಿದೆ. ಒಳಗೆ ಕೆಂಪು ಕಾಣ್ತದೆ, ಇದರಲ್ಲಿ ಹುಳಿ ಬೇಡ ಅಂತ. ಕೇಳಬೇಕಲ್ಲ! ರಾತ್ರಿಯೇ ಪುನರ್ಪುಳಿ ನೆನೆಹಾಕಿಸಿದರು ಅದರಲ್ಲಿ.”

“ತಿಕ್ಕಿದ ತಾಮ್ರ ಕೆಂಪಲ್ಲದೆ ಹಳದಿ ಇರ್ತದಾ?” ದುಗ್ಗಮ್ಮ ಅವನ ಕಡೆ ತಿರುಗಿದರು. ಆಮೇಲೆ ದೊಡ್ಡಮ್ಮನ ಕಡೆ. “ನನ್ನ ಗಂಡನ ಹೆಸರಿನ ಕೊಪ್ಪರಿಗೆ ಅದು. ನನ್ನ ಮಗ ಬೆವರು ಸುರಿಸಿದ್ದು. ಅದರಲ್ಲಿ ವಿಷ ಉಂಟು ಅಂತ ಊರ ಮುಂದೆ ಹೇಳಲಿಕ್ಕೆ ಜೀಪು ಮಾಡಿಕೊಂಡು ಬಂದೆಯಾ ಶಶಿಪ್ರಭಾ? ದ್ವಾರ ಬೇಡ ಅಂದೆ, ನಾನು ಸುಮ್ಮನಾದೆ. ಇದೂ ಬೇಡವಾ?”

“ದುಗ್ಗಮ್ಮಕ್ಕ, ಕಾಲು ಹಿಡೀತೇನೆ…”

“ಹಿಡಿಯಬೇಡ. ನೋಡು.”

ಅವರು ಬಕೆಟಿನಿಂದ ಒಂದು ಚೆಂಬು ಸಾರು ಎತ್ತಿ, ತಲೆ ಹಿಂದೆ ಹಾಕಿ, ಗಟಗಟನೆ ಕುಡಿದರು. ಗಂಟಲು ಏರಿಳಿಯುವುದನ್ನು ಚಾವಡಿಯಿಡೀ ನೋಡಿತು. ಚೆಂಬನ್ನು ಕವುಚಿ ಹಿಡಿದು ತೋರಿಸಿದರು. ತೊಟ್ಟೂ ಇರಲಿಲ್ಲ.

“ಆಯಿತಾ? ಈಗ ಹುಡುಗಿ ಉಣ್ಣಲಿ.”

ನಾನು ಕಾಂತಿಯ ಕೈ ಬಿಡಲಿಲ್ಲ. “ಎಷ್ಟು ಕುಡಿದೆ?” ಎಂದು ಪಿಸುಗುಟ್ಟಿದೆ.

“ಅನ್ನಕ್ಕೂ ಹಾಕಿಸಿಕೊಂಡೆ. ಕೈಯಲ್ಲೂ ಕುಡಿದೆ. ರುಚಿ ಬೇರೆ ಥರ ಇತ್ತು. ಇಲ್ಲಿಯ ಹಣ್ಣು ಹಾಗೆ ಅಂದುಕೊಂಡೆ.” ಅವಳ ಸ್ವರ ಸಣ್ಣದಾಗುತ್ತಾ ಹೋಯಿತು. “ಜಲಜಾ, ನನಗೆ ಎಂಥ ಆಗ್ತದೆ?”

ಹೆಂಗಸರು ಗೋಡೆಗೆ ಸರಿದರು. ದುಗ್ಗಮ್ಮ ನಡುವೆ ನಿಂತಿದ್ದರು, ಸೊಂಟದ ಮೇಲೆ ಕೈಯಿಟ್ಟು. ಅವರಿಗೆ ಏನೂ ಆಗದಿರಲಿ ಎಂದು ಬೇಡಿಕೊಂಡೆ. ಹೊರಗೆ ಯಾರೋ ಇಸ್ಪೀಟಿನಲ್ಲಿ ಗೆದ್ದು ಚಪ್ಪಾಳೆ ತಟ್ಟಿದರು. ಆಗ ದುಗ್ಗಮ್ಮನ ಮೇಲ್ತುಟಿಯಲ್ಲಿ ಬೆವರಿನ ಹನಿಗಳು ಮೂಡಿದವು. ಅವರು ಒಮ್ಮೆ ನುಂಗಿದರು. ಇನ್ನೊಮ್ಮೆ ನುಂಗಿದರು. ಕೈ ಸೊಂಟದಿಂದ ಹೊಟ್ಟೆಗೆ ಸರಿಯಿತು.

“ಸೆಖೆ,” ಎಂದರು. ಎಂದವರು ಬಾಗಿಲು ದಾಟಿ ಜಗಲಿಯ ಅಂಚಿಗೆ ಓಡಿ, ಕಂಬ ಹಿಡಿದು ಬಗ್ಗಿದರು. ಆ ಶಬ್ದ ಕೇಳಿ ಕಾಂತಿ ನನ್ನ ಕೈಯನ್ನು ಉಗುರು ಇಳಿಯುವಂತೆ ಹಿಡಿದಳು. ಆಮೇಲೆ ಅವಳೂ ಬಗ್ಗಿದಳು.

ಜೀಪಿನ ಹಿಂದೆ ಚಾಪೆ ಹಾಸಿ ಇಬ್ಬರನ್ನೂ ಮಲಗಿಸಿದೆವು. ಮೂಸಬ್ಬ ಡೊಂಬಯ್ಯನ ಪಕ್ಕ ಕೂತು ದಾರಿಗೆ ಅಡ್ಡ ಬಂದವರನ್ನೆಲ್ಲ ಕೈ ಹೊರಹಾಕಿ ಕೂಗಿ ಓಡಿಸಿದ. ಕಾಂತಿಯ ತಲೆ ನನ್ನ ತೊಡೆಯ ಮೇಲಿತ್ತು. ಹೂವೆಲ್ಲ ಬಿದ್ದುಹೋಗಿತ್ತು. ಪ್ರತಿ ಗುಂಡಿಗೂ ಅವಳು ಮುಲುಗುತ್ತಿದ್ದಳು. ಒಂದು ಕಡೆ ಮುಲುಗುವುದು ನಿಂತಿತು.

“ಅಲ್ಲಾಡ್ತಾ ಇಲ್ಲ,” ಎಂದಳು.

“ಯಾವುದು?”

“ಅದು. ಬೆಳಿಗ್ಗೆ ಸೀರೆ ಉಡುವಾಗ ಒದೀತಾ ಇತ್ತು. ಈಗ ಇಲ್ಲ.”

ನಾನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟೆ. ಜೀಪಿನ ಅದುರು ಯಾವುದು, ಮಗುವಿನದ್ದು ಯಾವುದು, ತಿಳಿಯಲಿಲ್ಲ. ಎದುರಿಗೆ ದುಗ್ಗಮ್ಮ ಕಣ್ಣು ಮುಚ್ಚಿ ಮಲಗಿದ್ದವರು ಆ ಮಾತು ಕೇಳಿ ಕಣ್ಣು ಬಿಟ್ಟರು. ಆ ಕಣ್ಣನ್ನು ನಾನು ನೋಡಲಾರದೆ ಹೋದೆ. ಹುಟ್ಟಿದ್ದಕ್ಕೆ ಹಸಿವು ಎಂದು ಹೇಳಿದ ಅದೇ ಬಾಯಿ ಈಗ ಏನೋ ಹರಕೆ ಹೇಳುತ್ತಾ ಅಲುಗುತ್ತಿತ್ತು.

ಮೂಡುಬಿದಿರೆಯ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಇದ್ದರು. ಇಬ್ಬರಿಗೂ ನೀರು ಕುಡಿಸಿ ಕಕ್ಕಿಸಿದರು, ಮತ್ತೆ ಕುಡಿಸಿದರು. ಕೈಗೆ ಸೂಜಿ ಚುಚ್ಚಿ ಬಾಟಲಿ ನೇತು ಹಾಕಿದರು. ಆಮೇಲೆ ಡಾಕ್ಟರಮ್ಮ ಮರದ ಕೊಳವೆಯೊಂದನ್ನು ಕಾಂತಿಯ ಹೊಟ್ಟೆಗೆ ಊರಿ ಕಿವಿಯಿಟ್ಟರು.

“ಎಲ್ಲರೂ ಬಾಯಿ ಮುಚ್ಚಿ.”

ಯಾರೂ ಮಾತಾಡುತ್ತಿರಲಿಲ್ಲ. ಪಕ್ಕದ ಮಂಚದಲ್ಲಿ ದುಗ್ಗಮ್ಮ ಉಸಿರು ಹಿಡಿದರು. ಡಾಕ್ಟರಮ್ಮ ಕೊಳವೆಯನ್ನು ಸರಿಸಿದರು. ಮತ್ತೆ ಸರಿಸಿದರು. ಕಿಟಕಿಯ ಹೊರಗೆ ಬಸ್ಸೊಂದು ಹಾರ್ನ್ ಹಾಕುತ್ತಾ ಹೋಯಿತು. ಅದರ ಸದ್ದು ಕರಗುವವರೆಗೆ ಅವರು ತಲೆ ಎತ್ತದೆ ಕಾದರು. ಕಾಂತಿ ಅವರ ಮುಖವನ್ನೇ ನೋಡುತ್ತಿದ್ದಳು. ಅಲ್ಲಿ ಏನು ಕಾಣುತ್ತದೋ ಎಂದು ನಾನು ಕಾಂತಿಯ ಮುಖವನ್ನು ನೋಡುತ್ತಿದ್ದೆ.

“ಉಂಟು,” ಎಂದರು ಡಾಕ್ಟರಮ್ಮ. “ಬಡೀತಾ ಉಂಟು. ಆದರೆ ತುಂಬ ವೇಗ ಉಂಟು. ಸಂಜೆವರೆಗೆ ನೋಡುವ. ಈಗ ನನ್ನನ್ನು ಏನೂ ಕೇಳಬೇಡಿ.”

ಹೊರಗಿನ ಬೆಂಚಿನಲ್ಲಿ ದೊಡ್ಡಮ್ಮ ಗೋಡೆಗೆ ತಲೆಯಿಟ್ಟು ಕೂತಿದ್ದರು. ಮೂಸಬ್ಬ ಕಂಬದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ.

“ಎಲ್ಲ ಮಾರಿಬಿಡುವ,” ಎಂದರು ದೊಡ್ಡಮ್ಮ, ಯಾರಿಗೆಂದಿಲ್ಲದೆ. “ಒಂದು ಸೌಟೂ ಬೇಡ. ಬಂದದ್ದನ್ನು ಬ್ಯಾಂಕಿನಲ್ಲಿಟ್ಟು ಬರ್ತೇನೆ. ನಿದ್ದೆ ಮಾಡುವ ದುಡ್ಡು ಯಾರನ್ನೂ ಕೊಲ್ಲುವುದಿಲ್ಲ.”

“ನನ್ನ ತಪ್ಪಿಗೆ ಪಾತ್ರೆ ಯಾಕೆ ಮಾರ್ತೀರಿ ಅಕ್ಕಾ?”

“ನಿನ್ನದೋ ನನ್ನದೋ. ಜನ ಮುಷ್ಟಿ ಮುಷ್ಟಿ ಅಕ್ಕಿ ಹಾಕಿದ್ದು ಮೂಸಬ್ಬಾ. ತಮ್ಮ ಅನ್ನದಿಂದ ತೆಗೆದು ಹಾಕಿದ್ದು. ನಾನು ಅದನ್ನು ಎಂಥ ಮಾಡಿದೆ ನೋಡು.”

ವಾರ್ಡಿನ ಬಾಗಿಲು ತೆರೆದೇ ಇತ್ತು. ಒಳಗಿನಿಂದ ಬಿರುಕು ಬಿಟ್ಟ ಸ್ವರವೊಂದು ಬಂತು.

“ಮಾರ್ತಾಳಂತೆ! ನನ್ನ ಗಂಡನ ಹೆಸರನ್ನು ಗುಜರಿಗೆ ಹಾಕ್ತಾಳಂತೆ!” ದುಗ್ಗಮ್ಮ ಏಳಲು ನೋಡಿ ಆಗದೆ ಮತ್ತೆ ದಿಂಬಿಗೆ ಬಿದ್ದರು. “ಜೀಪು ಇಲ್ಲದಿದ್ದರೆ ನಮ್ಮನ್ನು ಇಲ್ಲಿಗೆ ನಿನ್ನ ಬ್ಯಾಂಕಿನವನು ಹೊತ್ತು ತರ್ತಿದ್ದನಾ? ಮೊದಲು ಆ ಕಲಾಯಿಯ ಬ್ಯಾರಿಗೆ ತವರ ತೆಗೆದುಕೊಡು. ಕಲಾಯಿ ಮಾಡಿಸು. ತೊಟ್ಟಿಲು ಹಾಕುವ ದಿನ…”

ಮಾತು ಅಲ್ಲೇ ನಿಂತಿತು. ತೊಟ್ಟಿಲು ಎಂಬ ಮಾತು ಬಾಯಿಗೆ ಬಂದದ್ದೇ ತಡ, ಅವರು ತಾವೇ ಹೆದರಿ ಸೆರಗನ್ನು ಬಾಯಿಗೊತ್ತಿಕೊಂಡರು. ದೊಡ್ಡಮ್ಮ ಎದ್ದು ಒಳಗೆ ಹೋಗಿ ಅವರ ಕಾಲ ಬಳಿ ಕೂತರು.

ಮಧ್ಯಾಹ್ನ ಮುಗಿಯಲು ಬಹಳ ಹೊತ್ತು ಹಿಡಿಯಿತು. ಡೊಂಬಯ್ಯ ಮಿಜಾರಿಗೆ ಹೋಗಿ, ಕೊಪ್ಪರಿಗೆಯ ಸಾರನ್ನು ಗುಂಡಿ ತೋಡಿ ಹುಗಿಸಿ, ನೆಂಟರನ್ನೆಲ್ಲ ಮನೆಗೆ ಕಳುಹಿಸಿ ಬಂದ. ಬರುವಾಗ, ಜೀಪಿನಲ್ಲಿ ಜಾಗವಿಲ್ಲದೆ ಅಲ್ಲೇ ಉಳಿದಿದ್ದ ಕಾಂತಿಯ ತಾಯಿಯನ್ನು ಕರೆತಂದ. ಆ ತಾಯಿ ಮಗಳ ಕಾಲು ಒತ್ತುತ್ತಾ ಕೂತರು. ಯಾರೂ ಗಡಿಯಾರ ನೋಡಲಿಲ್ಲ. ಗೋಡೆಯ ಮೇಲಿನ ಬಿಸಿಲು ಕೆಳಗಿನಿಂದ ಮೇಲಕ್ಕೆ ಏರುವುದನ್ನು ನಾನು ನೋಡುತ್ತಿದ್ದೆ. ಅದು ಕಿಟಕಿಯ ಚೌಕಟ್ಟಿಗೆ ಮುಟ್ಟಿದರೆ ಕಾಂತಿ ಉಳಿಯುತ್ತಾಳೆ, ಮೋಡ ಬಂದರೆ ಇಲ್ಲ ಎಂದೆಲ್ಲ ಪಣ ಕಟ್ಟಿಕೊಂಡು, ಮೋಡವಿಲ್ಲದ ಆಕಾಶಕ್ಕೂ ಹೆದರಿದೆ.

ಬಿಸಿಲು ಚೌಕಟ್ಟಿಗೆ ಮುಟ್ಟುವ ಮೊದಲೇ ಕಾಂತಿ ಚೀರಿದಳು.

ಎಲ್ಲರೂ ಎದ್ದೆವು. ನರ್ಸು ಓಡಿ ಬಂದರು. ಕಾಂತಿ ಹೊಟ್ಟೆ ಹಿಡಿದುಕೊಂಡಿದ್ದಳು, ಬಾಯಿ ತೆರೆದಿತ್ತು, ಕಣ್ಣಿನಲ್ಲಿ ನೀರು. ಎಲ್ಲ ಮುಗಿಯಿತೆಂದು ನಾನು ಗೋಡೆ ಹಿಡಿದೆ.

“ಒದೀತು,” ಎಂದಳು. “ಜೋರಾಗಿ ಒದೀತು. ಇಲ್ಲಿ, ಪಕ್ಕೆಗೆ.”

ಡಾಕ್ಟರಮ್ಮ ಮತ್ತೆ ಕೊಳವೆ ಇಟ್ಟು ಕೇಳಿದರು. ಈ ಸಲ ಬೇಗ ತಲೆ ಎತ್ತಿದರು. “ಪರವಾಗಿಲ್ಲ. ಈಗ ಸರಿ ಉಂಟು. ಇವತ್ತು ರಾತ್ರಿ ಇಲ್ಲೇ ಇರಲಿ, ಬೆಳಿಗ್ಗೆ ಇನ್ನೊಮ್ಮೆ ನೋಡ್ತೇನೆ. ಹೊಟ್ಟೆಗೆ ತೆಳ್ಳಗೆ ಗಂಜಿ ಕೊಡಬಹುದು.”

ಗಂಜಿ ಎಂದದ್ದೇ ದುಗ್ಗಮ್ಮ ಮಂಚದಿಂದ ಕಾಲು ಇಳಿಸಿದರು.

“ಮಲಗಿ ಅಮ್ಮಾ,” ಎಂದರು ನರ್ಸು.

“ಬಯಕೆ ಅರ್ಧಕ್ಕೆ ನಿಂತಿದೆ. ಅದನ್ನು ಮುಗಿಸದೆ ಮಲಗುವುದು ಹೇಗೆ? ಯಾರಾದರೂ ಒಂದು ಎಲೆ ತನ್ನಿ.”

ಎಲೆ ಸಿಗಲಿಲ್ಲ. ಮೂಸಬ್ಬ ಪೇಟೆಗೆ ಹೋಗಿ ಒಂದು ಹೊಸ ಸ್ಟೀಲ್ ಬಟ್ಟಲು ಕೊಂಡು ತಂದ, ಬಾಗಿಲಲ್ಲೇ ನಿಂತು ನನ್ನ ಕೈಗೆ ಕೊಟ್ಟ. ನಾನು ಅದನ್ನು ತೊಳೆದೆ, ಮತ್ತೆ ತೊಳೆದೆ, ಬೆಳಕಿಗೆ ಹಿಡಿದು ಒಳಗೆಲ್ಲ ನೋಡಿ ಇನ್ನೊಮ್ಮೆ ತೊಳೆದೆ. ಆಸ್ಪತ್ರೆಯ ಅಡುಗೆಕೋಣೆಯಿಂದ ಗಂಜಿ ಬಂತು. ದುಗ್ಗಮ್ಮ ಒಂದು ಕೈಯಲ್ಲಿ ಬಾಟಲಿಯ ನಳಿಗೆಯನ್ನು ಎಳೆಯದಂತೆ ಹಿಡಿದು ಸೊಸೆಯ ಪಕ್ಕಕ್ಕೆ ಬಂದು ಕೂತರು. ಚಮಚ ತುಂಬಿದರು. ಅರ್ಧ ಗಂಜಿ ಬಟ್ಟಲಿಗೇ ಮರಳಿ ಬಿತ್ತು.

ಕಾಂತಿ ಚಮಚವನ್ನು ನೋಡಿದಳು. ಬಾಯಿ ತೆರೆಯಲಿಲ್ಲ. ಅವಳು ಅತ್ತೆಯನ್ನು ನೋಡಿದಳು, ಆಮೇಲೆ ನನ್ನನ್ನು. ತಿನ್ನಲಾ ಎಂದು ಆ ಕಣ್ಣು ಕೇಳುತ್ತಿತ್ತು. ನನಗೂ ಧೈರ್ಯವಿರಲಿಲ್ಲ. ಆದರೂ ಹೂಂ ಎಂದು ತಲೆಯಾಡಿಸಿದೆ.

ಅವಳು ನುಂಗಿದಳು. ನಾವೆಲ್ಲ, ದೊಡ್ಡಮ್ಮ, ಅವಳ ತಾಯಿ, ಬಾಗಿಲಿನ ಆಚೆಯಿಂದ ಮೂಸಬ್ಬ, ಅವಳ ಗಂಟಲನ್ನೇ ನೋಡುತ್ತಾ ನಿಂತೆವು. ಗಂಜಿ ಇಳಿಯಿತು. ದುಗ್ಗಮ್ಮನ ಎರಡನೆಯ ಚಮಚ ಗಾಳಿಯಲ್ಲೇ ನಿಂತಿತ್ತು.

“ಮಾಮೀ,” ಎಂದು ಅತ್ತೆಯನ್ನು ಕರೆದಳು ಕಾಂತಿ.

“ಎಂಥ ಮಗಾ? ಎಂಥ ಆಗ್ತದೆ?”

“ಉಪ್ಪಿಲ್ಲ.”

ದುಗ್ಗಮ್ಮ ಚಮಚವನ್ನು ನನ್ನ ಕೈಗೆ ಕೊಟ್ಟು, ಬಾಟಲಿ ನೇತು ಹಾಕಿದ ಕಬ್ಬಿಣದ ಕಂಬವನ್ನೇ ಹಿಡಿದುಕೊಂಡು, ಉಪ್ಪು ಹುಡುಕಲು ಹೊರಟರು.